ರಾಬರ್ಟ್ ಪೂರ್

ರಾಬರ್ಟ್ ಮಾಂಟೆಗು ಪೂರ್ (ಮಾರ್ಚ್ 20, 1866 – ಜುಲೈ 14, 1938) ಬ್ರಿಟಿಷ್ ಸೇನೆಯ ಅಧಿಕಾರಿ ಹಾಗೂ ಕ್ರಿಕೆಟ್ ಆಟಗಾರರು. ಜನಿಸಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಗೆ ಆಡಿದ ಇವರು ಟೆಸ್ಟ್ ಪಂದ್ಯಗಳಲ್ಲಿ ಮಾತ್ರ ದಕ್ಷಿಣ ಆಫ್ರಿಕಾವನ್ನು ಪ್ರತಿನಿಧಿಸಿದರು.

ಪೂರ್ ಕ್ರಿಕೆಟ್ಟನ್ನು ಗಂಭೀರವಾಗಿ ಕೈಗೊಂಡದ್ದು ಭಾರತದಲ್ಲಿ ಸೇವೆಯಲ್ಲಿದ್ದಾಗ. 1892ರಿಂದ 1895ರವರೆಗೆ ಅವರು ಮುಂಬಯಿ ಪ್ರಾಂತ್ಯದ ಗವರ್ನರ್ ಲಾರ್ಡ್ ಹ್ಯಾರಿಸ್ ಅವರ ಎ.ಡಿ.ಸಿ. ಆಗಿದ್ದರು. ಸ್ವತಃ ಇಂಗ್ಲೆಂಡ್ ತಂಡದ ಮಾಜಿ ನಾಯಕರಾಗಿದ್ದ ಹ್ಯಾರಿಸ್ ಅವರ ಆಶ್ರಯದಲ್ಲಿ ಆಟಕ್ಕೆ ಅವಕಾಶಗಳ ಕೊರತೆ ಇರಲಿಲ್ಲ. ಅನಂತರ 7ನೇ ಹುಸ್ಸಾರ್ಸ್ ಅಶ್ವದಳದೊಂದಿಗೆ ದಕ್ಷಿಣ ಆಫ್ರಿಕಾಕ್ಕೆ ತೆರಳಿದರು. 1896ರಲ್ಲಿ ಲಾರ್ಡ್ ಹಾಕ್ ಅವರ ಇಂಗ್ಲಿಷ್ ತಂಡ ಅಲ್ಲಿ ಪ್ರವಾಸದಲ್ಲಿದ್ದಾಗ ಸ್ಥಳೀಯ ತಂಡದ ಪರ ಅದರ ವಿರುದ್ಧ ಶತಕ ಬಾರಿಸಿ, ಮೂರೂ ಟೆಸ್ಟ್‌ಗಳಿಗೆ ಆಯ್ಕೆಯಾದರು. ಅವುಗಳಲ್ಲಿ ಗಳಿಸಿದ್ದು ಒಟ್ಟು 76 ರನ್ ಮಾತ್ರ. ಮೂರು ಪಂದ್ಯಗಳನ್ನೂ ದಕ್ಷಿಣ ಆಫ್ರಿಕಾ ಸೋತಿತು.

ಪೂರ್ ಅವರ ಖ್ಯಾತಿ ನಿಂತಿರುವುದು 1899ರ ಬೇಸಿಗೆಯ ಎರಡು ತಿಂಗಳುಗಳ ಮೇಲೆ. ಜೂನ್ ಮಧ್ಯದಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಎರಡೂ ಇನ್ನಿಂಗ್ಸ್‌ಗಳಲ್ಲಿ ಶತಕ ಹೊಡೆದರು. ಜುಲೈನಲ್ಲಿ ಟಾಂಟನ್‌ನಲ್ಲಿ ಅದೇ ಎದುರಾಳಿಯ ಮೇಲೆ 304 ರನ್ ಗಳಿಸಿದರು. ಆ ಪಂದ್ಯದಲ್ಲಿ ಅವರೂ ಮತ್ತೊಬ್ಬ ಸೇನಾಧಿಕಾರಿ ಟೆಡ್ಡಿ ವಿನ್ಯಾರ್ಡ್ ಅವರೂ ಆರನೆಯ ವಿಕೆಟ್‌ಗೆ 411 ರನ್ ಕೂಡಿಸಿದರು. ಆ ಋತುವಿನಲ್ಲಿ ಆಡಿದ ಪ್ರಥಮ ದರ್ಜೆ ಪಂದ್ಯಗಳು 12, ರನ್ 1,551, ಶತಕ ಏಳು, ಸರಾಸರಿ 91.23. ಇಂಗ್ಲಿಷ್ ಋತುವಿನ ಈ ಸರಾಸರಿಯನ್ನು 1930ರಲ್ಲಿ ಡಾನ್ ಬ್ರಾಡ್ಮನ್ ಮೀರಿಸುವವರೆಗೆ ಯಾರಿಂದಲೂ ದಾಟಲಾಗಲಿಲ್ಲ. ಪಂದ್ಯಗಳ ಸಂಖ್ಯೆ ಕಡಿಮೆಯಾದುದರಿಂದ ದಾಖಲೆಯ ತೂಕವನ್ನು ಪ್ರಶ್ನಿಸಬಹುದಾದರೂ, ರಜೆಯ ಮೇಲೆ ಆಡುತ್ತಿದ್ದ ಸೈನಿಕನಿಗೆ ಅದಕ್ಕಿಂತ ಹೆಚ್ಚು ಪಂದ್ಯಗಳು ಸುಲಭಸಾಧ್ಯವಿರಲಿಲ್ಲ. ಅದೇ ಬೇಸಿಗೆಯಲ್ಲಿ ಪೋಲೊ ಪಂದ್ಯಾವಳಿಯಲ್ಲೂ ಆಯುಧ ಸ್ಪರ್ಧೆಯಲ್ಲೂ ಗೆದ್ದಿದ್ದರು. ವಿಸ್ಡನ್ ವಾರ್ಷಿಕ ಅವರನ್ನು 1900ರಲ್ಲಿ ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರೆಂದು ಗೌರವಿಸಿತು.

1899ರ ಅಕ್ಟೋಬರ್‌ನಲ್ಲಿ ಬೋಯರ್ ಯುದ್ಧ ಆರಂಭವಾಯಿತು. ಅದರಲ್ಲಿ ಪೂರ್ ಪ್ರೊವೋಸ್ಟ್ ಮಾರ್ಷಲ್, ಅಂದರೆ ಸೇನೆಯೊಳಗಿನ ಶಿಸ್ತು ಹಾಗೂ ಕೈದಿಗಳ ಹೊಣೆ ಹೊತ್ತ ಅಧಿಕಾರಿಯಾದರು. ಬೋಯರ್ ಕೈದಿಗಳನ್ನು ಕೊಂದ ಅಪರಾಧಕ್ಕಾಗಿ ಹ್ಯಾರಿ 'ಬ್ರೇಕರ್' ಮೊರಾಂಟ್ ಮತ್ತು ಪೀಟರ್ ಹ್ಯಾಂಡ್‌ಕಾಕ್ ಎಂಬ ಅಧಿಕಾರಿಗಳನ್ನು 1902ರ ಫೆಬ್ರುವರಿ 27ರಂದು ಪ್ರಿಟೋರಿಯಾದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಇಂದಿಗೂ ವಿವಾದಾಸ್ಪದವಾಗಿರುವ ಈ ಪ್ರಕರಣದ ಅಧ್ಯಯನಕಾರರಿಗೆ ಪೂರ್ ಅವರ ದಿನಚರಿ ಒಂದು ಮುಖ್ಯ ಆಕರ. ಕ್ರಿಕೆಟ್ ಓದದವರಿಗೂ ಅವರ ಹೆಸರು ಎದುರಾಗುವುದು ಇಲ್ಲಿಯೇ.

ಯುದ್ಧದ ಬಳಿಕ ಹ್ಯಾಂಪ್‌ಷೈರ್ ಪರ 1906ರವರೆಗೆ ಆಗೊಮ್ಮೆ ಈಗೊಮ್ಮೆ ಮಾತ್ರ ಆಡಿದರು. ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಹುದ್ದೆಗೇರಿ, ಡಿ.ಎಸ್.ಒ. ಮತ್ತು ಸಿ.ಐ.ಇ. ಗೌರವಗಳನ್ನು ಪಡೆದರು. ಬೋರ್ನ್‌ಮತ್ ನಗರದ ಬಾಸ್ಕಂಬ್‌ನಲ್ಲಿ ತಮ್ಮ 72ನೆಯ ವಯಸ್ಸಿನಲ್ಲಿ ನಿಧನರಾದರು.