ಮನೆಗೆ ಬಂದ ವಿದ್ಯುತ್ತು: ಸೌಕರ್ಯ ಮೊದಲು, ಎಚ್ಚರ ಆಮೇಲೆ

ಈ ಪುಟವನ್ನು ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಳಚಿ, ಅಂಗೈ ಮೇಲಿಟ್ಟು ನೋಡಿ. ಮೂರು ಪಿನ್ನುಗಳು ಕಾಣುತ್ತವೆ. ಎರಡು ಒಂದೇ ಅಳತೆಯವು. ಮೂರನೆಯದು ಅವೆರಡಕ್ಕಿಂತ ದಪ್ಪ ಮತ್ತು ಉದ್ದ. ವಿದ್ಯುತ್ತು ಬರಲು ಒಂದು ದಾರಿ, ಮರಳಲು ಇನ್ನೊಂದು ದಾರಿ ಇದ್ದರೆ ಸಾಕಲ್ಲವೇ? ಹಾಗಾದರೆ ಈ ಮೂರನೆಯದಕ್ಕೆ ಏನು ಕೆಲಸ? ಅದು ಎಲ್ಲಕ್ಕಿಂತ ದೊಡ್ಡದಾಗಿ ಏಕಿದೆ?

ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಿನ್ನದ ಗಣಿಯಿಂದ ಬೀದಿಗೆ, ಬೀದಿಯಿಂದ ಮನೆಗೆ

ನಮ್ಮ ನಾಡಿನಲ್ಲಿ ವಿದ್ಯುತ್ತು ಮನೆ ಬೆಳಗಲೆಂದು ಹುಟ್ಟಲಿಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದಾಗ, ಅಲ್ಲಿಂದ ಹೊರಟ ತಂತಿಗಳು ಸುಮಾರು 147 ಕಿಲೋಮೀಟರು ಸಾಗಿ ಸೇರಿದ್ದು ಕೋಲಾರದ ಚಿನ್ನದ ಗಣಿಗಳನ್ನು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಗುರಿ ಗಣಿಯ ಯಂತ್ರಗಳನ್ನು ಓಡಿಸುವುದಾಗಿತ್ತು. ಆ ದಿನಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಮನೆಗಳ ಸರದಿ ನಿಧಾನವಾಗಿ ಆಮೇಲೆ ಬಂತು.

ಹಾಗೆ ಬಂದಾಗ ಜನ ಬೆರಗಾದರು. ಸೀಮೆಎಣ್ಣೆಯ ಮಸಿ ಇಲ್ಲ, ಬತ್ತಿ ಹೊಸೆಯುವ ಕೆಲಸವಿಲ್ಲ. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ಹರಿದ ತಂತಿ, ಬಾಗಿಲ ಪಕ್ಕದಲ್ಲಿ ದುಂಡನೆಯ ಕಪ್ಪು ಸ್ವಿಚ್ಚು. ಮನೆಯೊಳಗೆ ಎರಡು ಮೂರು ದೀಪ ಬಿಟ್ಟರೆ ಬೇರೇನೂ ಇರಲಿಲ್ಲವಾದ್ದರಿಂದ ಎರಡು ತಂತಿಯೇ ಸಾಕಾಗಿತ್ತು. ದೀಪ ಚಾವಣಿಯಲ್ಲಿರುತ್ತದೆ, ಅದನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಆದರೆ ಲೋಹದ ಮೈಯುಳ್ಳ ಇಸ್ತ್ರಿ ಪೆಟ್ಟಿಗೆ, ಬಿಸಿನೀರಿನ ಕಾಯಿಲ್, ವಿದ್ಯುತ್ ಒಲೆ ಇವೆಲ್ಲ ಒಂದೊಂದಾಗಿ ಒಳಗೆ ಬಂದಾಗ ಲೆಕ್ಕ ಬದಲಾಯಿತು. ಅವನ್ನು ನಾವು ಮುಟ್ಟುತ್ತೇವೆ. ಅದೂ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ನಿಂತು.

ಮೂರನೆಯ ಪಿನ್ನು ಹುಟ್ಟಿದ್ದು ಈ ಅಪಾಯದಿಂದ. ಉಪಕರಣದ ಲೋಹದ ಮೈಯನ್ನು ಅದು ಒಂದು ತಂತಿಯ ಮೂಲಕ ಭೂಮಿಗೆ ಸೇರಿಸುತ್ತದೆ. ಒಳಗಿನ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದರೆ, ವಿದ್ಯುತ್ತು ನಿಮ್ಮ ಮೈಯ ಮೂಲಕ ಹರಿಯುವ ಬದಲು ಈ ಸುಲಭದ ದಾರಿಯಲ್ಲಿ ಭೂಮಿಗೆ ಇಳಿಯುತ್ತದೆ. ಒಮ್ಮೆಲೇ ಹೆಚ್ಚು ಪ್ರವಾಹ ಹರಿದು ಫ್ಯೂಸ್ ಹೋಗುತ್ತದೆ. ಪ್ಲಗ್ ಚುಚ್ಚುವಾಗ ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು; ಅದಕ್ಕೇ ಈ ಪಿನ್ನು ಉದ್ದ. ತಪ್ಪು ರಂಧ್ರದಲ್ಲಿ ತೂರಬಾರದು, ಅದಕ್ಕೇ ದಪ್ಪ. ಇಷ್ಟು ಯೋಚನೆ ಮಾಡಿ ಇಟ್ಟ ಪಿನ್ನನ್ನು, ಎರಡು ರಂಧ್ರದ ಸಾಕೆಟ್ಟಿಗೆ ಕೂಡಿಸಲೆಂದು ಮುರಿದು ಹಾಕುವ ಮನೆಗಳು ಇಂದಿಗೂ ಇವೆ.

ನಮ್ಮದೇ ಒಂದು ತಪ್ಪು

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಮಾತುಕತೆಯ ಚಿತ್ರೀಕರಣಕ್ಕೆ ಹಳೆಯ ಮನೆಯೊಂದಕ್ಕೆ ಹೋಗಿದ್ದೆವು. ನಡುಮನೆಯಲ್ಲಿ 1000 ವಾಟಿನ ಎರಡು ಹ್ಯಾಲೊಜೆನ್ ದೀಪಗಳನ್ನು ನಿಲ್ಲಿಸಿ, ಹತ್ತಿರದ ಸಾಕೆಟ್ಟಿಗೆ ಜೋಡಿಸಿದೆವು. ಹತ್ತಿದ ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಯಿತು. ಸಮಯವಿರಲಿಲ್ಲ. ನಮ್ಮ ತಂಡದ ಹುಡುಗ ಫ್ಯೂಸಿಗೆ ದಪ್ಪನೆಯ ತಾಮ್ರದ ತಂತಿ ಸುತ್ತಿದ. ನಾನು ನೋಡಿಯೂ ಸುಮ್ಮನಿದ್ದೆ. ಮಾತುಕತೆ ಅರ್ಧಕ್ಕೆ ಬಂದಿತ್ತು. ಒಳಗಿನಿಂದ ಆ ಮನೆಯ ಅಜ್ಜಿ ಬಂದು, "ಏನೋ ಸುಟ್ಟ ವಾಸನೆ ಬರ್ತಾ ಇದೆಯಲ್ಲಪ್ಪಾ, ನೋಡು" ಎಂದರು. ಗೋಡೆಯ ಮರದ ಪಟ್ಟಿ ಕಪ್ಪಾಗಿತ್ತು. ತಂತಿಯ ಹೊದಿಕೆ ಕರಗಿತ್ತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಭೌತಶಾಸ್ತ್ರ ಓದಿದವನಿಗೆ ಆ ಲೆಕ್ಕ ಗೊತ್ತಿರಬೇಕಿತ್ತು. 2000 ವಾಟನ್ನು 230 ವೋಲ್ಟಿನಿಂದ ಭಾಗಿಸಿ: ಸುಮಾರು 8.7 ಆಂಪಿಯರ್. ಆ ತಂತಿ ಇದ್ದದ್ದು 5 ಆಂಪಿಯರಿಗೆ. ಪ್ರವಾಹ ಹೆಚ್ಚಿದಂತೆ ತಂತಿಯ ಶಾಖ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆಂದು ಜೇಮ್ಸ್ ಜೌಲ್ 1840ರ ದಶಕದ ಆರಂಭದಲ್ಲೇ ತೋರಿಸಿದ್ದರು. ಅಂದರೆ ಆ ಗೋಡೆಯ ತಂತಿ ತಾಳಬೇಕಾದ ಶಾಖಕ್ಕಿಂತ ಮೂರು ಪಟ್ಟು ಶಾಖವನ್ನು ನಾವು ಅದರ ಮೇಲೆ ಹೇರಿದ್ದೆವು. ಫ್ಯೂಸ್ ಹೋದದ್ದು ಕೆಡುಕಲ್ಲ. ತನ್ನನ್ನೇ ಸುಟ್ಟುಕೊಂಡು ಮನೆಯನ್ನು ಉಳಿಸುವುದೇ ಅದರ ಕೆಲಸ. ನಾವು ಕಾವಲುಗಾರನ ಕೈಕಟ್ಟಿ ಹಾಕಿದ್ದೆವು.

ಫ್ಯೂಸ್ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ

1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟಾಟ್ಸ್ ಫ್ಯೂಸಿನ ಜಾಗದಲ್ಲಿ ತಾನಾಗಿ ಬೀಳುವ, ಮತ್ತೆ ಎತ್ತಿ ಹಾಕಬಹುದಾದ ಸಣ್ಣ ಸ್ವಿಚ್ಚನ್ನು ರೂಪಿಸಿದರು. ಈಗಿನ ಮನೆಗಳಲ್ಲಿ ಎಂಸಿಬಿ ಎಂದು ಕರೆಯುವುದು ಇದರ ಸಂತತಿಯನ್ನೇ. ತಂತಿ ಸುತ್ತುವ ರಗಳೆ ತಪ್ಪಿತು. ಆದರೆ ಒಂದು ಪ್ರಶ್ನೆ ಉಳಿದೇ ಇತ್ತು.

ಮತ್ತೆ ಲೆಕ್ಕ ಮಾಡಿ. ಹಳೆಯ 60 ವಾಟಿನ ಬಲ್ಬು ಎಳೆಯುವ ಪ್ರವಾಹ ಸುಮಾರು 260 ಮಿಲಿಆಂಪಿಯರ್. ಮನುಷ್ಯನ ಪ್ರಾಣಕ್ಕೆ ಕುತ್ತು ತರಲು ಅಷ್ಟೂ ಬೇಡ. ಕೆಲವು ಹತ್ತು ಮಿಲಿಆಂಪಿಯರ್ ಎದೆಯ ಮೂಲಕ ಹರಿದರೆ ಸಾಕು. ಅದಕ್ಕೂ ಕಡಿಮೆಯಲ್ಲೇ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಬರುತ್ತದೆ. 5 ಆಂಪಿಯರಿನ ಫ್ಯೂಸಿಗೆ ಇದು ತಿಳಿಯುವುದೇ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯಲ್ ವಿದ್ಯುತ್ತು ಮನುಷ್ಯರ ಮೈಮೇಲೆ ಮಾಡುವ ಪರಿಣಾಮವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಸಣ್ಣ ಸೋರಿಕೆಗೂ ಸಂಪರ್ಕ ಕಡಿಯುವ ಉಪಕರಣವನ್ನು 1960ರ ದಶಕದಲ್ಲಿ ರೂಪಿಸಿದರು. ಅದರ ತತ್ವ ಸರಳ: ಹೋದ ಪ್ರವಾಹ ಅಷ್ಟೇ ಮರಳಿ ಬರಬೇಕು. ಮರಳಿ ಬಂದದ್ದು ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಪ್ರಾಯಶಃ ಒಬ್ಬ ಮನುಷ್ಯನ ಮೂಲಕ. ನಮ್ಮಲ್ಲಿ ಆರ್‌ಸಿಸಿಬಿ ಎಂಬ ಹೆಸರಿನಲ್ಲಿ ಸಿಗುವ, ಮನೆಗಳಿಗೆಂದು 30 ಮಿಲಿಆಂಪಿಯರಿಗೆ ಹೊಂದಿಸಿದ ಸಾಧನ ಮಾಡುವುದು ಇದನ್ನೇ. ಶಿವನಸಮುದ್ರದಿಂದ ಇಲ್ಲಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲುತ್ತದೆ.

ಮಿತವ್ಯಯವೂ ತಡವಾಗಿಯೇ ಬಂತು

ಉಳಿತಾಯದ ಕಥೆಯೂ ಹೀಗೆಯೇ. ಎಡಿಸನ್ 1879ರಲ್ಲಿ ಇಂಗಾಲದ ತಂತುವಿನ ದೀಪ ಬೆಳಗಿಸಿದರು. ಆಮೇಲೆ ಟಂಗ್‌ಸ್ಟನ್ ತಂತು ಬಂತು. ಆದರೂ ಆ ಬಲ್ಬಿಗೆ ಕೊಟ್ಟ ನೂರು ಪಾಲು ಶಕ್ತಿಯಲ್ಲಿ ಬೆಳಕಾಗುತ್ತಿದ್ದುದು ಐದು ಪಾಲಿನ ಆಸುಪಾಸು. ಉಳಿದದ್ದೆಲ್ಲ ಶಾಖ. ಅದು ದೀಪವೆನ್ನುವುದಕ್ಕಿಂತ, ಸ್ವಲ್ಪ ಬೆಳಕು ಕೊಡುವ ಒಲೆ ಎಂದರೆ ಸರಿ. ನೂರಕ್ಕೂ ಹೆಚ್ಚು ವರ್ಷ ಜಗತ್ತು ಆ ಒಲೆಯನ್ನು ಚಾವಣಿಗೆ ನೇತುಹಾಕಿತ್ತು.

ಅದರ ಬೆಲೆಯನ್ನು ಯಾರು ತೆತ್ತರು? ನಮ್ಮ ರಾಜ್ಯ ಬಹುಕಾಲ ನೀರಿನ ವಿದ್ಯುತ್ತನ್ನೇ ನಂಬಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ, 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮತ್ತು ಶರಾವತಿ ಯೋಜನೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು, ಗದ್ದೆ ತೋಟಗಳು ಮುಳುಗಿದವು. ಅಲ್ಲಿನ ಕುಟುಂಬಗಳು ನೆಲೆ ತಪ್ಪಿ ಬೇರೆಡೆಗೆ ಹೋದವು. ಜೋಗದ ಯೋಜನೆಗೆಂದು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಿನೊಳಗಿದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರೂರಿಗೆ ಕತ್ತಲೆ. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಸ್ಥಾವರ ಆರಂಭವಾಯಿತು. ಆದರೂ ಲೋಡ್ ಶೆಡ್ಡಿಂಗ್ ನಿಲ್ಲಲಿಲ್ಲ. ನಾನು ಶಾಲೆಯ ಪರೀಕ್ಷೆಗಳಿಗೆ ಓದಿದ್ದು ಮೇಣದ ಬತ್ತಿಯ ಬೆಳಕಿನಲ್ಲಿ.

ಆಮೇಲೆ ಬಂತು ಎಲ್‌ಇಡಿ. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. 60 ವಾಟಿನ ಬಲ್ಬು ಮಾಡುತ್ತಿದ್ದ ಕೆಲಸಕ್ಕೆ ಈಗ 9 ವಾಟು ಸಾಕು. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ನಕ್ಷತ್ರಗಳ ಚೀಟಿಯನ್ನು ನಿಮ್ಮ ಫ್ರಿಜ್ಜಿನ ಮೇಲೆ ನೋಡಿರಬಹುದು. ನಕ್ಷತ್ರಗಳನ್ನು ಎಣಿಸಿದರೆ ಸಾಲದು; ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನೂ ಓದಿ.

ದೀಪದಲ್ಲಿ ಗೆದ್ದೆವು, ನಿಜ. ಆದರೆ ಬಿಲ್ಲಿನ ದೊಡ್ಡ ಪಾಲು ಬಿಸಿ ಮಾಡುವ ಮತ್ತು ತಣ್ಣಗೆ ಮಾಡುವ ಉಪಕರಣಗಳದು. 2000 ವಾಟಿನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಅದೇ ಯೂನಿಟ್ಟಿನಲ್ಲಿ 9 ವಾಟಿನ ದೀಪ 111 ಗಂಟೆ ಉರಿಯುತ್ತದೆ. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಬೇಕಾಗುವುದು ಅರ್ಧ ಯೂನಿಟ್ಟಿಗಿಂತ ಕಡಿಮೆ. ಆದ್ದರಿಂದ ದೀಪ ಆರಿಸುವ ನೀವು ಗೀಸರನ್ನು ಮರೆತರೆ ಲೆಕ್ಕ ತಲೆಕೆಳಗು.

2023ರಲ್ಲಿ ನಮ್ಮ ರಾಜ್ಯ ಸರ್ಕಾರ ತಿಂಗಳಿಗೆ 200 ಯೂನಿಟ್ ಮಿತಿಯೊಳಗಿನ ಮನೆಬಳಕೆಗೆ ಗೃಹಜ್ಯೋತಿ ಯೋಜನೆಯನ್ನು ತಂದಿತು. ಅನೇಕ ಮನೆಗಳಿಗೆ ಅದು ದೊಡ್ಡ ನೆಮ್ಮದಿ. ಆದರೆ ಬಿಲ್ಲಿನಲ್ಲಿ ಸೊನ್ನೆ ಬಂದರೂ ಜಲಾಶಯದ ನೀರಿನಲ್ಲಿ, ಸುಟ್ಟ ಕಲ್ಲಿದ್ದಲಿನಲ್ಲಿ ಅದು ಸೊನ್ನೆಯಲ್ಲ ಎಂಬುದನ್ನು ನೀವು ನೆನಪಿಡಬೇಕು.

ಈ ಭಾನುವಾರ ನೀವು ಮಾಡಬಹುದಾದದ್ದು

ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಮನೆಯನ್ನು ಒಮ್ಮೆ ಸುತ್ತಿ ಬನ್ನಿ. ಮುರಿದ ಪಿನ್ನು, ಬಿರಿದ ತಂತಿ, ಮುಟ್ಟಿದರೆ ಬೆಚ್ಚಗಿರುವ ಪ್ಲಗ್ಗು, ಒಂದೇ ಸಾಕೆಟ್ಟಿಗೆ ನೇತುಬಿದ್ದ ನಾಲ್ಕು ಉಪಕರಣ, ಇವನ್ನು ಬರೆದುಕೊಳ್ಳಿ. ಆರ್‌ಸಿಸಿಬಿ ಇದೆಯೇ ನೋಡಿ. ಇದ್ದರೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿದಾಗ ಅದು ಬೀಳಬೇಕು. ಬಟ್ಟೆ ಒಣಗಿಸುವ ಲೋಹದ ತಂತಿ ವಿದ್ಯುತ್ ಕಂಬಕ್ಕೋ ಸರ್ವೀಸ್ ವೈರಿಗೋ ತಾಗುತ್ತಿದ್ದರೆ ಇವತ್ತೇ ಹೇಳಿ, ಹಗ್ಗ ಕಟ್ಟಿಸಿ. ಕಾಯಿಲ್ ಇಟ್ಟ ಬಕೆಟ್ಟಿಗೆ, ಸ್ವಿಚ್ ಆರಿಸಿ ಪ್ಲಗ್ ಕೀಳುವ ಮುನ್ನ ಬೆರಳು ಅದ್ದಬೇಡಿ. ರಿಪೇರಿಯನ್ನು ನೀವೇ ಮಾಡಲು ಹೋಗಬೇಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಯಾರಿಗಾದರೂ ಕರೆಂಟು ಹೊಡೆದು ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದು ಆಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಿ.

ನಮ್ಮ ಹಿರಿಯರಿಗೆ ಇದೆಲ್ಲ ತಿಳಿಯುವ ಮೊದಲೇ ವಿದ್ಯುತ್ತು ಬಂದಿತ್ತು, ಅವರದು ತಪ್ಪಲ್ಲ. ಎಲ್ಲ ತಿಳಿದ ಮೇಲೂ ಫ್ಯೂಸಿಗೆ ದಪ್ಪ ತಂತಿ ಸುತ್ತಿಸಿದವನು ನಾನು. ನೀವು ಹಾಗೆ ಮಾಡಬೇಡಿ. ಈಗ ಆ ಪ್ಲಗ್ಗನ್ನು ಇನ್ನೊಮ್ಮೆ ನೋಡಿ. ಆ ದಪ್ಪ ಪಿನ್ನು ಒಳಗೆ ಹೋಗುವ ಸಾಕೆಟ್ಟಿನ ಹಿಂದೆ ಭೂಮಿಯವರೆಗೆ ಇಳಿದ ತಂತಿ ನಿಜವಾಗಿಯೂ ಇದೆಯೇ? ಮನೆಯಲ್ಲಿ ಕೇಳಿ.