ಗ್ಯಾಸೂ ಉಳೀಬೇಕು, ಗೃಹಜ್ಯೋತಿನೂ ಕೈ ತಪ್ಪಬಾರದು: ರೈಸ್ ಕುಕ್ಕರ್, ಕೆಟಲ್, ಇಂಡಕ್ಷನ್ ಕೂಡಿಸಿ ಅಡುಗೆ ಮಾಡುವ ಲೆಕ್ಕ

ಕಲಬುರಗಿ: ಮನೆಗೆ ಮಿಕ್ಸಿ ಬಂದು ಎಷ್ಟೋ ವರ್ಷ ಆಯ್ತು. ಈಗ ಅದರ ಪಕ್ಕದಲ್ಲಿ ರೈಸ್ ಕುಕ್ಕರ್, ಕೆಟಲ್, ಇಂಡಕ್ಷನ್ ಒಲೆ ಬಂದು ಕೂತಿವೆ. ಕೆಲವು ಮದುವೆಯಲ್ಲಿ ಉಡುಗೊರೆಯಾಗಿ ಬಂದವು, ಕೆಲವು ಸಿಲಿಂಡರ್ ದರ ಏರಿದಾಗ ಕೊಂಡವು. "ಕರೆಂಟ್ ಹೆಂಗೂ ಫ್ರೀ ಅದ, ಎಲ್ಲಾ ಅದರಾಗೇ ಮಾಡಿದ್ರ ಆಯ್ತಲ್ಲ" ಅನ್ನುವ ಮಾತು ಕಲಬುರಗಿ ನಗರದಲ್ಲೂ ಕಮಲಾಪುರದಲ್ಲೂ ಕೇಳಿಬರುತ್ತದೆ. ಆದರೆ ಹಾಗೆ ಎಲ್ಲ ಅಡುಗೆಯನ್ನೂ ಕರೆಂಟಿಗೆ ಹಾಕಿದರೆ ಉಳಿತಾಯಕ್ಕಿಂತ ಬಿಲ್ಲೇ ದೊಡ್ಡದಾಗಬಹುದು. ಯಾವ ಅಡುಗೆ ಯಾವುದರಲ್ಲಿ, ಯಾವ ತಿಂಗಳು ಎಷ್ಟು ಎಂಬ ಲೆಕ್ಕ ಗೊತ್ತಿದ್ದರೆ ಮಾತ್ರ ಲಾಭ. ಆ ಲೆಕ್ಕ ಇಲ್ಲಿದೆ.

ಮೊದಲು ಬಿಲ್ ನೋಡಿ

ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಇದೇ ಕಲಬುರಗಿಯಲ್ಲಿ. ಆದರೂ "200 ಯುನಿಟ್ ಎಲ್ಲರಿಗೂ ಫ್ರೀ" ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ನಿಯಮ ಹೀಗಿದೆ:

- 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿದರೆ ಬರುವುದೇ ನಿಮ್ಮ ಉಚಿತ ಮಿತಿ. ಸರಾಸರಿ 120 ಇದ್ದವರಿಗೆ 132 ಯುನಿಟ್. ತೀರಾ ಕಡಿಮೆ ಬಳಸುವವರಿಗೆ 2024ರಿಂದ ಶೇ 10ರ ಬದಲು 10 ಯುನಿಟ್ ಸೇರಿಸಲಾಗುತ್ತದೆ.
- ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯುನಿಟ್ ಹಿಡಿದು, ಅದಕ್ಕೆ ಶೇ 10 ಸೇರಿಸಿ 58 ಯುನಿಟ್.
- ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯುನಿಟ್ಟಿಗೆ ಮಾತ್ರ ದುಡ್ಡು.
- 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 201ನೇ ಯುನಿಟ್ಟಿನ ಬೆಲೆ ಒಂದು ಯುನಿಟ್ಟಿನದ್ದಲ್ಲ, ಇಡೀ ತಿಂಗಳಿನದ್ದು.

ಉಳಿದ ಯುನಿಟ್ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಹಾಗಾಗಿ ಜೆಸ್ಕಾಂ ಬಿಲ್ಲಿನಲ್ಲಿ ನೋಡಬೇಕಾದದ್ದು ನಿಮ್ಮ ಅರ್ಹ ಯುನಿಟ್ ಎಷ್ಟು, ಈ ತಿಂಗಳು ಬಳಸಿದ್ದು ಎಷ್ಟು ಎಂಬ ಎರಡೇ ಅಂಕಿ. ಇವೆರಡರ ನಡುವಿನ ಅಂತರವೇ ನಿಮ್ಮ ಕರೆಂಟ್ ಅಡುಗೆಯ ಬಂಡವಾಳ.

ಒಂದು ಸಿಲಿಂಡರ್ ಅಂದರೆ ಎಷ್ಟು ಯುನಿಟ್?

14.2 ಕೆ.ಜಿ.ಯ ಸಿಲಿಂಡರಿನಲ್ಲಿರುವ ಗ್ಯಾಸಿನ ಶಾಖವನ್ನು ಯುನಿಟ್ಟಿಗೆ ಬದಲಿಸಿದರೆ ಸುಮಾರು 180 ಯುನಿಟ್ ಆಗುತ್ತದೆ. ಅದರಲ್ಲಿ ಮೂರನೇ ಒಂದರಷ್ಟು ಪಾತ್ರೆಯ ಸುತ್ತ ಗಾಳಿಗೆ ಹೋಗುತ್ತದೆ. ಐಎಸ್‌ಐ ಗುರುತಿನ ಗ್ಯಾಸ್ ಒಲೆಗೆ ಶೇ 68ರ ದಕ್ಷತೆ ಇದ್ದರೆ ಸಾಕು. ಇಂಡಕ್ಷನ್‌ನಲ್ಲಿ ಶಾಖ ನೇರ ಪಾತ್ರೆಯ ತಳದಲ್ಲೇ ಹುಟ್ಟುವುದರಿಂದ ನಷ್ಟ ಕಡಿಮೆ, ಸುಮಾರು ಶೇ 85ರಷ್ಟು ಅಡುಗೆಗೆ ಸಿಗುತ್ತದೆ. ಹೀಗೆ ಲೆಕ್ಕ ಹಾಕಿದರೆ ಒಂದು ಸಿಲಿಂಡರಿನ ಅಡುಗೆಯನ್ನು ಪೂರ್ತಿ ಇಂಡಕ್ಷನ್‌ನಲ್ಲಿ ಮಾಡಲು ಹೆಚ್ಚುಕಡಿಮೆ 145 ಯುನಿಟ್ ಬೇಕು.

ತಿಂಗಳಿಗೊಂದು ಸಿಲಿಂಡರ್ ಖಾಲಿ ಮಾಡುವ ಮನೆ ಒಮ್ಮೆಲೇ ಕರೆಂಟಿಗೆ ಹೊರಳಿದರೆ 145 ಯುನಿಟ್ ಹೆಚ್ಚಾಗುತ್ತದೆ. ಫ್ಯಾನು, ಫ್ರಿಜ್ಜು, ಟಿವಿ, ಮೋಟರ್ ಸೇರಿದರೆ 200 ದಾಟುವುದು ಖಂಡಿತ.

ಉಚಿತ ಮಿತಿಯ ಹೊರಗೆ ಯಾವುದು ಅಗ್ಗ ಎಂದು ತಿಳಿಯಲು ಸುಲಭ ದಾರಿ ಇದೆ. ನಿಮ್ಮ ಸಿಲಿಂಡರ್ ದರವನ್ನು 145ರಿಂದ ಭಾಗಿಸಿ. ದರ 900 ರೂಪಾಯಿ ಅಂತ ಇಟ್ಟುಕೊಂಡರೆ 6 ರೂಪಾಯಿ 20 ಪೈಸೆ ಬರುತ್ತದೆ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಯ ಯುನಿಟ್ 5 ರೂಪಾಯಿ 80 ಪೈಸೆ. ತೆರಿಗೆ, ಸರ್‌ಚಾರ್ಜ್ ಕೂಡಿದರೆ 6 ರೂಪಾಯಿ ದಾಟುತ್ತದೆ. ಅಂದರೆ ದುಡ್ಡು ಕೊಟ್ಟು ಕೊಳ್ಳುವ ಕರೆಂಟಿಗೂ ಗ್ಯಾಸಿಗೂ ದೊಡ್ಡ ವ್ಯತ್ಯಾಸ ಇಲ್ಲ. ಲಾಭ ಇರುವುದು ಉಚಿತ ಮಿತಿಯೊಳಗೆ ಮಿಕ್ಕುವ ಯುನಿಟ್ಟಿನಲ್ಲಿ ಮಾತ್ರ.

ಯಾವುದಕ್ಕೆ ಯಾವುದು

ಎಲ್ಲವನ್ನೂ ಒಂದರಲ್ಲೇ ಮಾಡಲು ಹೋಗಬೇಡಿ. ಒಂದೊಂದಕ್ಕೂ ಒಂದು ಚಲೋ ಕೆಲಸ ಇದೆ.

ಕೆಟಲ್ (ಸಾಮಾನ್ಯವಾಗಿ 1500 ವ್ಯಾಟ್): ನೀರು ಕಾಯಿಸಲು ಇದಕ್ಕಿಂತ ಚುರುಕಾದದ್ದು ಇಲ್ಲ. ಒಂದು ಲೀಟರ್ ಕುದಿಯಲು ಸುಮಾರು 0.1 ಯುನಿಟ್ ಸಾಕು. ಉಪ್ಪಿಟ್ಟಿಗೆ, ಸಾರಿಗೆ, ಜೋಳದ ಹಿಟ್ಟು ನಾದಲು ಬೇಕಾದ ಬಿಸಿನೀರು ಇದರಲ್ಲಿ ಕಾಯಿಸಿಕೊಳ್ಳಿ. ಸಾದಾ ಕೆಟಲ್‌ನಲ್ಲಿ ಹಾಲು, ಬ್ಯಾಳಿ, ನೂಡಲ್ಸ್ ಬೇಡ. ತಳ ಹಿಡಿಯುತ್ತದೆ, ಉಕ್ಕಿ ಸ್ವಿಚ್ಚಿಗೆ ಇಳಿಯುತ್ತದೆ.

ರೈಸ್ ಕುಕ್ಕರ್ (ಸುಮಾರು 700 ವ್ಯಾಟ್): ಎರಡು ಲೋಟ ಅಕ್ಕಿಗೆ ಅರ್ಧ ತಾಸಿನೊಳಗೆ 0.3 ಯುನಿಟ್. ಇದು ಅನ್ನಕ್ಕೆ ಮಾತ್ರ ಅಲ್ಲ. ಜೋಳದ ನುಚ್ಚು, ಖಿಚಡಿ, ತಹರಿ ಚೆನ್ನಾಗಿ ಆಗುತ್ತವೆ. ಮೇಲಿನ ತೂತಿನ ತಟ್ಟೆಯಲ್ಲಿ ಬದನೆ, ಆಲೂಗಡ್ಡೆ, ಹೀರೇಕಾಯಿ ಇಟ್ಟರೆ ಅನ್ನದ ಹಬೆಯಲ್ಲೇ ಬೇಯುತ್ತವೆ, ಬೇರೆ ಖರ್ಚಿಲ್ಲ. ಅನ್ನ ಆದ ಮೇಲೆ 'ವಾರ್ಮ್' ದೀಪ ಹತ್ತಿರುತ್ತದಲ್ಲ, ಅದನ್ನು ಬಿಟ್ಟರೆ 7–8 ತಾಸಿನಲ್ಲಿ ಇನ್ನೊಮ್ಮೆ ಅನ್ನ ಮಾಡುವಷ್ಟೇ ಕರೆಂಟ್ ತಿನ್ನುತ್ತದೆ. ಪ್ಲಗ್ ತೆಗೆದು ಡಬ್ಬಿಗೆ ಹಾಕಿಡಿ.

ಇಂಡಕ್ಷನ್ ಒಲೆ (1200ರಿಂದ 2000 ವ್ಯಾಟ್): ಬ್ಯಾಳಿ, ಪಲ್ಯ, ಒಗ್ಗರಣೆಗೆ. ತಳ ಸಪಾಟಾಗಿರಬೇಕು, ಅಯಸ್ಕಾಂತ ಅಂಟಬೇಕು. ಅಲ್ಯೂಮಿನಿಯಂ ಬೋಗುಣಿ, ತಾಮ್ರದ ಪಾತ್ರೆ ಇದರ ಮೇಲೆ ಬಿಸಿಯಾಗುವುದಿಲ್ಲ. ಕೊಳ್ಳುವ ಮೊದಲು ಮನೆಯ ಪ್ರೆಷರ್ ಕುಕ್ಕರಿನ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಇಲ್ಲವಾದರೆ ಒಲೆಯ ಜೊತೆ ಪಾತ್ರೆಯ ಖರ್ಚೂ ಬೀಳುತ್ತದೆ.

ಮಿಕ್ಸಿ (500ರಿಂದ 750 ವ್ಯಾಟ್): ಐದು ನಿಮಿಷ ಓಡಿದರೂ 0.06 ಯುನಿಟ್. ಶೇಂಗಾ ಹಿಂಡಿ, ಕೆಂಪು ಖಾರ, ಗುರೆಳ್ಳು ಪುಡಿ ಒಮ್ಮೆಲೇ ವಾರಕ್ಕಾಗುವಷ್ಟು ಮಾಡಿಟ್ಟರೆ ಒಂದು ಹೊತ್ತಿನ ಪಲ್ಯದ ಒಲೆಯೇ ಉಳಿಯುತ್ತದೆ. ಬೇಸಿಗೆ ಮುಂಜಾನೆ ಕಮಲಾಪುರದ ಕೆಂಪು ಬಾಳೆ, ಹಾಲು ಹಾಕಿ ತಿರುವಿದರೆ ನಾಷ್ಟಾ ಆಯ್ತು, ಒಲೆಯೇ ಬೇಡ.

ಗ್ಯಾಸ್ ಒಲೆ: ಜೋಳದ ರೊಟ್ಟಿ ಇಲ್ಲೇ ಇರಲಿ. ಬಾಗಿದ ಕಬ್ಬಿಣದ ಹಂಚು ಇಂಡಕ್ಷನ್ ಮೇಲೆ ಕೂರುವುದಿಲ್ಲ, ರೊಟ್ಟಿ ಉಬ್ಬಲು ಬೆಂಕಿಯ ಉರಿಯೇ ಬೇಕು. ಹಾಲು ಹಾಕಿದ ಚಹಾ, ಹೋಳಿಗೆ, ಎಣ್ಣೆಗಾಯಿಗೂ ಗ್ಯಾಸೇ ಸರಿ.

ಕೂಡಿಸಿದರೆ ಹೀಗಾಗುತ್ತದೆ

ನಾಲ್ಕು ಮಂದಿಯ ಮನೆಯ ಒಂದು ದಿನ:

- ತೊಗರಿ ಬ್ಯಾಳಿಯನ್ನು ಅರ್ಧ ತಾಸು ಮೊದಲೇ ನೆನೆಹಾಕಿ.
- ಕೆಟಲ್‌ನಲ್ಲಿ ದಿನಕ್ಕೆ ಎರಡು ಲೀಟರ್ ನೀರು: 0.2 ಯುನಿಟ್.
- ರೈಸ್ ಕುಕ್ಕರಿನಲ್ಲಿ ಅನ್ನ, ಮೇಲೆ ತರಕಾರಿ: 0.3 ಯುನಿಟ್.
- ಇಂಡಕ್ಷನ್ ಮೇಲೆ ಪ್ರೆಷರ್ ಕುಕ್ಕರಿನಲ್ಲಿ ಬ್ಯಾಳಿ, 15 ನಿಮಿಷ: 0.3 ಯುನಿಟ್.
- ಅದರ ಮೇಲೇ ಒಗ್ಗರಣೆ, ಪಲ್ಯ, 20 ನಿಮಿಷ: 0.35 ಯುನಿಟ್.
- ಮಿಕ್ಸಿ: 0.05 ಯುನಿಟ್.
- ರೊಟ್ಟಿ, ಚಹಾ ಗ್ಯಾಸಿನ ಮೇಲೆ.

ಒಟ್ಟು ದಿನಕ್ಕೆ 1.2 ಯುನಿಟ್, ತಿಂಗಳಿಗೆ 36. ಇದು ಸಿಲಿಂಡರಿನ ಕಾಲು ಭಾಗಕ್ಕೆ ಸಮ. 30 ದಿನ ಬರುತ್ತಿದ್ದ ಸಿಲಿಂಡರ್ 40 ದಿನ ಬರುತ್ತದೆ.

ಪುಂಡಿ ಪಲ್ಯಕ್ಕೂ ಈ ಜೋಡಿ ಹೊಂದುತ್ತದೆ. ಪುಂಡಿ ಸೊಪ್ಪನ್ನು ಕೆಟಲ್ ನೀರಿನಲ್ಲಿ ಅದ್ದಿ ಬಸಿದು ಹುಳಿ ತೆಗೆದು, ಬ್ಯಾಳಿ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಜೊತೆ ಕುಕ್ಕರಿನಲ್ಲಿ ಬೇಯಿಸಿ, ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬ್ಯಾಳಿ ನೆನೆದರೆ ಬೇಗ ಬೇಯುತ್ತದೆ. ಆದರೆ ಗಡಸು ಬೋರ್‌ವೆಲ್ ನೀರಿನಲ್ಲಿ ಯಾವ ಬ್ಯಾಳಿಯಾದರೂ ತಡ. ಬ್ಯಾಳಿಗೆ ಕುಡಿಯುವ ನೀರನ್ನೇ ಹಾಕಿದರೆ ಕರೆಂಟೂ ಉಳಿಯುತ್ತದೆ.

ಬೇಸಿಗೆಯಲ್ಲಿ ಲೆಕ್ಕ ತಿರುಗುತ್ತದೆ

40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಆಗುವುದಿಲ್ಲ. 180 ವ್ಯಾಟ್‌ನ ಕೂಲರ್ ದಿನಕ್ಕೆ 10 ತಾಸು ಓಡಿದರೆ ತಿಂಗಳಿಗೆ 54 ಯುನಿಟ್.

132 ಯುನಿಟ್ ಮಿತಿ ಇರುವ, ಉಳಿದ ತಿಂಗಳಲ್ಲಿ 95 ಬಳಸುವ ಮನೆ ನೋಡೋಣ. ಡಿಸೆಂಬರಿನಲ್ಲಿ ಅಡುಗೆಯ 36 ಸೇರಿದರೂ 131, ಒಂದು ಪೈಸೆ ಬಿಲ್ ಇಲ್ಲ. ಮೇ ತಿಂಗಳಲ್ಲಿ ಒಂದು ಕೂಲರಿಗೇ 149 ಆಯಿತು, 17 ಯುನಿಟ್ಟಿಗೆ ದುಡ್ಡು. ಅದರ ಮೇಲೆ ಅಡುಗೆಯೂ ಸೇರಿದರೆ 185, ಅಂದರೆ 53 ಯುನಿಟ್ಟಿಗೆ ದುಡ್ಡು. ಎರಡನೇ ಕೂಲರ್ ಹಾಕಿದರೆ 239. ಆಗ ಉಚಿತದ ಮಾತೇ ಇಲ್ಲ: ತೆರಿಗೆ, ನಿಗದಿತ ಶುಲ್ಕ ಬಿಟ್ಟೇ 1,386 ರೂಪಾಯಿ.

ಆದ್ದರಿಂದ ಮಾರ್ಚ್‌ನಿಂದ ಮೇ ತನಕ ಕರೆಂಟ್ ಅಡುಗೆ ಕಡಿಮೆ ಮಾಡಿ, ಮಳೆಗಾಲ, ಚಳಿಗಾಲದಲ್ಲಿ ಜಾಸ್ತಿ ಮಾಡುವುದು ಜಾಣತನ. ಒಂಬತ್ತು ತಿಂಗಳು ಹೀಗೆ ಮಾಡಿದರೂ ವರ್ಷಕ್ಕೆ ಎರಡು ಸಿಲಿಂಡರ್ ಉಳಿಯುತ್ತದೆ. ಉಳಿತಾಯ ಇಷ್ಟೇ ಇರುವುದರಿಂದ ಹೊಸ ಉಪಕರಣಕ್ಕೆ ಸಾಲ ಮಾಡಬೇಡಿ. ಏರ್ ಫ್ರೈಯರ್, ಓವನ್ ಬೇಕೆನಿಸಿದರೆ ಕೊಳ್ಳಿ, ಆದರೆ ಉಳಿತಾಯದ ಹೆಸರಲ್ಲಿ ಬೇಡ.

ರೂಮ್ ಮಾಡಿಕೊಂಡು ಓದುವವರಿಗೆ

ಕಮಲಾಪುರ, ಆಳಂದ, ಚಿತ್ತಾಪುರ ಕಡೆಯಿಂದ ಬಂದು ನಗರದಲ್ಲಿ ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿಗಳಿಗೆ ಗ್ಯಾಸ್ ಸಂಪರ್ಕ ಸಿಗುವುದೇ ಕಷ್ಟ. ಅವರಿಗೆ ಒಂದೇ ಕೊಳ್ಳಬೇಕೆಂದರೆ ರೈಸ್ ಕುಕ್ಕರ್ ಕೊಳ್ಳುವುದು ಒಳ್ಳೆಯದು. ರೂಮಿನ ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಸುಮಾರು 1300 ವ್ಯಾಟ್‌ಗಿಂತ ಹೆಚ್ಚು ತಾಳುವುದಿಲ್ಲ. 700 ವ್ಯಾಟ್ ಕುಕ್ಕರಿಗೆ ಅದು ಸಾಕು, 2000 ವ್ಯಾಟ್ ಇಂಡಕ್ಷನ್‌ಗೆ ಸಾಲದು.

ಊರಿಂದ ಕಟ್ಟಿಸಿಕೊಂಡು ಬಂದ ಖಡಕ್ ರೊಟ್ಟಿ, ಇಲ್ಲವೇ ಮಹಿಳಾ ಸ್ವಸಹಾಯ ಗುಂಪುಗಳು ಮಾಡುವ 'ಕಲಬುರಗಿ ರೊಟ್ಟಿ', ಜೊತೆಗೆ ಶೇಂಗಾ ಹಿಂಡಿ ಇದ್ದರೆ ಕುಕ್ಕರಿನಲ್ಲಿ ಬ್ಯಾಳಿ ಒಂದು ಮಾಡಿದರೆ ಊಟ ಆಯಿತು. ಮಾಲೀಕರು ಸಬ್ ಮೀಟರ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದರೆ ಯುನಿಟ್ ದರ ಮೊದಲೇ ಕೇಳಿ. ಹಾಸ್ಟೆಲ್‌ನಲ್ಲಿ ಇರುವವರು ವಾರ್ಡನ್ ಅನುಮತಿ ಇಲ್ಲದೆ ಇಡಬೇಡಿ.

ವೈರಿಂಗ್ ಮರೆಯಬೇಡಿ

- ಇಂಡಕ್ಷನ್, 1500 ವ್ಯಾಟ್ ಕೆಟಲ್‌ಗೆ 16 ಆಂಪಿಯರಿನ ದೊಡ್ಡ ಪಾಯಿಂಟ್, ಸರಿಯಾದ ಅರ್ತಿಂಗ್ ಇರಲೇಬೇಕು. ಪ್ಲಗ್‌ನ ಮೂರನೇ ಪಿನ್ ಮುರಿದು ಬಳಸುವುದು ಜೀವಕ್ಕೆ ಅಪಾಯ.
- ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ. ವೈರ್ ಮುಟ್ಟಿದಾಗ ಬಿಸಿ ಅನಿಸಿದರೆ ತಕ್ಷಣ ಬಂದ್ ಮಾಡಿ.
- ಕಮಲಾಪುರ ಭಾಗದ ಹಳ್ಳಿಗಳಲ್ಲಿ ಒಂದೆರಡು ದೀಪಕ್ಕೆಂದು ಎಳೆದ ಹಳೆಯ ವೈರಿನ ಮನೆಗಳಿದ್ದರೆ, ಲೈಸೆನ್ಸ್ ಇರುವ ವೈರ್‌ಮನ್‌ಗೆ ತೋರಿಸದೆ ಇಂಡಕ್ಷನ್ ಹಚ್ಚಬೇಡಿ.
- ಸಂಜೆ ವೋಲ್ಟೇಜ್ ಇಳಿದರೆ ಇಂಡಕ್ಷನ್ ತಾನಾಗಿಯೇ ನಿಲ್ಲುತ್ತದೆ. ಕರೆಂಟ್ ಹೋದಾಗ ಪ್ಲಗ್ ತೆಗೆದಿಡಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ. ವೋಲ್ಟೇಜ್ ತೊಂದರೆ ಪದೇ ಪದೇ ಇದ್ದರೆ ಜೆಸ್ಕಾಂ ಸಹಾಯವಾಣಿ 1912.
- ಮನೆಯ ಸಾಮಾನ್ಯ ಇನ್ವರ್ಟರ್ ಇವುಗಳನ್ನು ಎಳೆಯುವುದಿಲ್ಲ.
- ಸುಣ್ಣಕಲ್ಲಿನ ಜಿಲ್ಲೆ ನಮ್ಮದು. ಗಡಸು ನೀರು ಬಳಸುವ ಮನೆಗಳಲ್ಲಿ ಕೆಟಲ್ ತಳಕ್ಕೆ ಬಿಳಿ ಪೊರೆ ಕಟ್ಟಿ ನೀರು ಕಾಯುವುದು ತಡವಾಗುತ್ತದೆ. ತಿಂಗಳಿಗೊಮ್ಮೆ ಲಿಂಬೆರಸ ಹಾಕಿದ ನೀರು ಕುದಿಸಿ, ಅರ್ಧ ತಾಸು ಬಿಟ್ಟು ತೊಳೆಯಿರಿ.
- ಕೊಳ್ಳುವಾಗ ಐಎಸ್‌ಐ ಗುರುತು, ವಾರಂಟಿ ಕಾರ್ಡು, ಕಲಬುರಗಿಯಲ್ಲೇ ಸರ್ವಿಸ್ ಸೆಂಟರ್ ಇದೆಯೇ ಎಂಬ ಮೂರನ್ನೂ ಕೇಳಿ.

ಈ ತಿಂಗಳೇ ಶುರು ಮಾಡುವುದಾದರೆ

ಬಿಲ್ಲಿನಲ್ಲಿ ಎಷ್ಟು ಯುನಿಟ್ ಮಿಕ್ಕಿದೆ ನೋಡಿ. 10 ಯುನಿಟ್ ಮಿಕ್ಕಿದ್ದರೆ ಅನ್ನ ಮಾತ್ರ ಕರೆಂಟಿಗೆ ಹಾಕಿ. 20 ಮಿಕ್ಕಿದ್ದರೆ ಬ್ಯಾಳಿಯನ್ನೂ ಸೇರಿಸಿ. 35ಕ್ಕಿಂತ ಹೆಚ್ಚಿದ್ದರೆ ಮೇಲಿನ ಪೂರ್ತಿ ಪಟ್ಟಿ ನಡೆಯುತ್ತದೆ. ಏನೂ ಮಿಕ್ಕಿಲ್ಲ ಅಂದರೆ ಗ್ಯಾಸಿನಲ್ಲೇ ಮುಂದುವರಿಯಿರಿ. ಮೀಟರ್ ರೀಡಿಂಗ್ ತೆಗೆದ ದಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದು, ಪ್ರತಿ ಭಾನುವಾರ ಇನ್ನೊಮ್ಮೆ ನೋಡಿ. ಮೂರನೇ ಭಾನುವಾರಕ್ಕೆ ಮಿತಿಯ ಮುಕ್ಕಾಲು ದಾಟಿದ್ದರೆ ಉಳಿದ ದಿನ ಗ್ಯಾಸ್ ಹಚ್ಚಿದರೆ ಸಾಕು, ಬಿಲ್ ಕೈಮೀರುವುದಿಲ್ಲ.