ಫೋನ್ ಮಂತ್ರಿ ಕುರ್ಚಿಯಲ್ಲಿ ಮೂವರು ದಲಿತರು, ಆಮೇಲೆ ಆಗಿದ್ದೇನು?

ಪೋಸ್ಟ್ ಸ್ವಲ್ಪ ಉದ್ದ ಇದೆ, ಸಮಾಧಾನವಾಗಿ ಓದಿ.

ನಮ್ಮ ದೇಶದ ಮೊಬೈಲ್ ಚರಿತ್ರೆ ಹೇಳೋರೆಲ್ಲ ಕಂಪನಿ ಮಾಲೀಕರ ಹೆಸರನ್ನೇ ಹೇಳ್ತಾರೆ. ಯಾರು ಟವರ್ ಹಾಕಿದರು, ಯಾರು ದರ ಇಳಿಸಿದರು, ಯಾರು ಯಾರನ್ನ ನುಂಗಿದರು. ಆ ಚರಿತ್ರೆಯಲ್ಲಿ ನಾವು ಬರೀ ಗಿರಾಕಿಗಳು. ಆದರೆ ಇದೇ ಖಾತೆಯ ಕುರ್ಚಿ ಮೇಲೆ ಬೇರೆ ಬೇರೆ ಕಾಲದಲ್ಲಿ ಮೂವರು ದಲಿತ ಮಂತ್ರಿಗಳು ಕೂತಿದ್ದರು. ಆ ಮೂರು ಕಾಲವನ್ನ ಪಕ್ಕಪಕ್ಕ ಇಟ್ಟು ನೋಡಿ, ಬೇರೆಯದೇ ಕತೆ ಕಾಣುತ್ತೆ.

ಮೊದಲನೆಯವರು ಬಾಬು ಜಗಜೀವನ ರಾಂ. 1952ರಿಂದ 1956ರವರೆಗೆ ಸಂಪರ್ಕ ಮಂತ್ರಿ. ಆಗ ಟೆಲಿಫೋನ್ ಇಲಾಖೆ ಸರ್ಕಾರದ್ದು. ಫೋನ್ ತಯಾರಿಸೋ ಐಟಿಐ ಕಾರ್ಖಾನೆಯೂ ಸರ್ಕಾರದ್ದೇ, 1948ರಲ್ಲಿ ನಮ್ಮ ಬೆಂಗಳೂರಲ್ಲಿ ಶುರುವಾಗಿದ್ದು. ಫೋನ್ ನಮ್ಮ ಕೇರಿಗೆ ಬರಲಿಲ್ಲ, ನಿಜ. ಊರಲ್ಲಿ ಇದ್ದರೆ ಗೌಡರದ್ದೋ ಶಾನುಭೋಗರದ್ದೋ ಮನೇಲಿ ಇರ್ತಿತ್ತು, ಆ ಜಗಲಿ ಹತ್ತೋಕೆ ನಮಗೆ ಬಿಡ್ತಿರಲಿಲ್ಲ. ಆದರೆ ಇಲಾಖೆ ಸರ್ಕಾರದ್ದಾಗಿದ್ದಕ್ಕೆ ಒಂದು ಬಾಗಿಲು ತೆರೆದಿತ್ತು, ಮೀಸಲಾತಿ. ಲೈನ್‌ಮನ್, ಆಪರೇಟರ್, ಗುಮಾಸ್ತ ಅಂತ ನಮ್ಮವರು ಒಳಗೆ ಹೋದರು. ಮನೆಗೆ ಫೋನ್ ಬರೋಕೆ ಮುಂಚೆ ಫೋನ್ ಇಲಾಖೆಯ ಸಂಬಳ ಬಂತು. ಆ ಸಂಬಳದಲ್ಲಿ ಮಕ್ಕಳು ಕಾಲೇಜು ಕಂಡರು.

ಮೊಬೈಲ್ ಬಂದಿದ್ದು 1995ರ ಜುಲೈ 31ಕ್ಕೆ. ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ಕೇಂದ್ರ ಮಂತ್ರಿ ಸುಖ್ ರಾಮ್ ಅವರಿಗೆ ಮಾಡಿದ ಕರೆಯೇ ಮೊದಲನೇದು. ನಿಮಿಷಕ್ಕೆ 16 ರೂಪಾಯಿವರೆಗೂ ದರ. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಅದು ಸಾಹುಕಾರರ ಆಟಿಕೆ. ಅವರಿಗೂ ಕಂಪನಿಗಳಿಗೆ ಲಾಭ ಬರಲಿಲ್ಲ. 1999ರ ಹೊಸ ನೀತಿ ಬಂತು: ಒಪ್ಪಿಕೊಂಡ ಲೈಸೆನ್ಸ್ ಶುಲ್ಕ ಬೇಡ, ಆದಾಯದಲ್ಲಿ ಪಾಲು ಕೊಟ್ಟರೆ ಸಾಕು. ರೈತನ ಸಾಲ ಮನ್ನಾ ಅಂದರೆ ಬೊಬ್ಬೆ ಹೊಡೆಯೋರು ಇದನ್ನ 'ಸುಧಾರಣೆ' ಅಂತ ಕರೆದರು.

ಎರಡನೆಯವರು ರಾಮ್ ವಿಲಾಸ್ ಪಾಸ್ವಾನ್, 1999ರಿಂದ 2001. ಇಲಾಖೆ ನೌಕರರ ಮನೆಗೆ ಉಚಿತ ಫೋನ್ ಕೊಟ್ಟರು. ಕಂಬ ಹತ್ತೋನ ಗುಡಿಸಲಲ್ಲೂ ಫೋನ್ ರಿಂಗಾಯ್ತು. ಅವರ ಕಾಲದಲ್ಲೇ, 2000ದ ಅಕ್ಟೋಬರ್ 1ಕ್ಕೆ, ಇಲಾಖೆಯನ್ನ ಬಿಎಸ್‌ಎನ್‌ಎಲ್ ಕಂಪನಿ ಮಾಡಿದರು. ಸರ್ಕಾರಿ ಕಂಪನಿಯೇ, ಮೀಸಲಾತಿ ಉಳೀತು. ಆದರೆ ಇಲಾಖೆ ಹೋಗಿ ಕಂಪನಿ ಆದ ಮೇಲೆ ಲಾಭ ನಷ್ಟದ ಲೆಕ್ಕ ಶುರುವಾಯ್ತು.

ಮೂರನೆಯವರು ಎ. ರಾಜಾ. 2008ರ ಜನವರಿಯಲ್ಲಿ ಕೊಟ್ಟ 122 ಲೈಸೆನ್ಸ್‌ಗಳನ್ನ ಸುಪ್ರೀಂ ಕೋರ್ಟ್ 2012ರಲ್ಲಿ ರದ್ದು ಮಾಡ್ತು. ಸಿಎಜಿ ಹೇಳಿದ 1.76 ಲಕ್ಷ ಕೋಟಿ ಅಂದಾಜಿನ ನಷ್ಟ. ಜನರ ಬಾಯಲ್ಲಿ ಅದು ಜೇಬಿಗಿಳಿಸಿದ ದುಡ್ಡಾಯ್ತು. 2017ರ ಡಿಸೆಂಬರಲ್ಲಿ ವಿಶೇಷ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡ್ತು. ಸಿಬಿಐ ಮೇಲ್ಮನವಿ ಹೋಗಿದೆ. ದಲಿತ ಅನ್ನೋ ಕಾರಣಕ್ಕೆ ಯಾರನ್ನೂ ಸಮರ್ಥಿಸೋದು ಬೇಡ. ಆದರೆ ಆರೋಪ ಬಂದಾಗ ಮುಖಪುಟ, ಖುಲಾಸೆ ಆದಾಗ ಪಿಸುಮಾತು. ಅದು ಯಾಕೆ ಅಂತ ನಾವು ಕೇಳಲೇಬೇಕು.

ಈ ಗಲಾಟೆಯ ಹಿಂದೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೀತು. ಖಾಸಗಿಯವರ 4ಜಿ 2012ರಲ್ಲೇ ಶುರುವಾಯ್ತು. 2016ರಲ್ಲಿ ಜಿಯೋ ಬಂತು. ಬಿಎಸ್‌ಎನ್‌ಎಲ್‌ನ ದೇಶವ್ಯಾಪಿ 4ಜಿ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರಲ್ಲಿ. ಕೈಕಾಲು ಕಟ್ಟಿ ಓಟಕ್ಕೆ ಬಿಟ್ಟು, 'ಸರ್ಕಾರಿ ನೌಕರರು ಸೋಮಾರಿಗಳು' ಅಂದರು. 2020ರ ಜನವರಿ 31, ಒಂದೇ ದಿನ, 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಹೆಸರಲ್ಲಿ ಮನೆಗೆ ಹೋದರು. ಹೆಚ್ಚುಕಡಿಮೆ ಅರ್ಧ ಸಿಬ್ಬಂದಿ! ಗೆಳೆಯರೇ, ಅಲ್ಲಿ ನಮ್ಮ 15, ಆದಿವಾಸಿಗಳ 7.5 ಪರ್ಸೆಂಟ್ ಇತ್ತು. ಆ ಜಾಗಗಳು ಮತ್ತೆ ಭರ್ತಿ ಆಗದಿದ್ದರೆ ಮೀಸಲಾತಿ ರದ್ದು ಮಾಡೋಕೆ ಕಾನೂನೇ ಬೇಕಾಗಿಲ್ಲ. ಖಾಸಗಿ ಕಂಪನಿಯಲ್ಲಿ ಮೀಸಲಾತಿ ಇಲ್ಲ.

ಹಾಗಂತ ಅಗ್ಗದ ಡೇಟಾ ನಮಗೆ ಏನೂ ಕೊಡಲಿಲ್ಲ ಅನ್ನಲ್ಲ. 2016ರ ಜುಲೈನಲ್ಲಿ ಊನಾದ ವಿಡಿಯೋ ದೇಶ ನೋಡಿದ್ದು ಮೊಬೈಲಲ್ಲಿ. ಅಟ್ರಾಸಿಟಿ ಕಾಯ್ದೆ ಉಳಿಸೋಕೆ 2018ರ ಏಪ್ರಿಲ್ 2ರ ಬಂದ್‌ಗೆ ಕರೆ ಹರಡಿದ್ದೂ ಮೊಬೈಲಲ್ಲೇ. ಅವತ್ತು ಹಲವು ಕಡೆ ಇಂಟರ್‌ನೆಟ್ಟನ್ನೇ ನಿಲ್ಲಿಸಿದರು. ನಮ್ಮ ಕೈಯಲ್ಲಿ ಫೋನ್ ಇದ್ದರೂ ಸ್ವಿಚ್ ಬೇರೆಯವರ ಕೈಯಲ್ಲಿದೆ.

ದರದ ಸ್ವಿಚ್ಚೂ ಅಷ್ಟೇ. ಒಂದು ಕಾಲಕ್ಕೆ ಹತ್ತಕ್ಕಿಂತ ಹೆಚ್ಚು ಕಂಪನಿ ಇದ್ದವು. ಈಗ ಖಾಸಗಿಯಲ್ಲಿ ಮೂರು. 2024ರ ಜುಲೈನಲ್ಲಿ ಮೂವರೂ ಒಂದೇ ಸಲಕ್ಕೆ ದರ ಏರಿಸಿದರು. ಜಿಯೋದ 155ರ ಪ್ಯಾಕ್ 189 ಆಯ್ತು. ಅದೂ 28 ದಿನಕ್ಕೆ, ಅಂದರೆ ವರ್ಷಕ್ಕೆ 13 ಸಲ. ಫೋನ್ ಈಗ ಶೋಕಿ ಅಲ್ಲ. ಸ್ಕಾಲರ್‌ಶಿಪ್‌ಗೆ ಓಟಿಪಿ ಬೇಕು. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಗೂ ಆ್ಯಪ್ ಕಡ್ಡಾಯ ಆಯ್ತು. ನೆಟ್‌ವರ್ಕ್ ಸಿಗದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ.

ಆದ್ದರಿಂದ ಬಿಎಸ್‌ಎನ್‌ಎಲ್ ಉಳಿಸಿ ಅನ್ನೋದು ಬರೀ ನೌಕರರ ಸಂಘದ ಕೂಗಲ್ಲ, ನಮ್ಮ ಕೂಗು. ಖಾಲಿ ಹುದ್ದೆ ತುಂಬಿ, ಗುತ್ತಿಗೆಯಲ್ಲೂ ಮೀಸಲಾತಿ ಕೊಡಿ, ಸರ್ಕಾರದ ತರಂಗಾಂತರ ಬಳಸೋ ಖಾಸಗಿಯವರಿಗೂ ಮೀಸಲಾತಿ ಅನ್ವಯಿಸಿ. ತರಂಗಾಂತರ ಯಾರಪ್ಪನ ಆಸ್ತಿಯೂ ಅಲ್ಲ, ದೇಶದ್ದು. ಅದರಲ್ಲಿ ನಮ್ಮ ಪಾಲಿದೆ.

ಕೊನೇದಾಗಿ ಒಂದು ಕೆಲಸ. ನಿಮ್ಮ ತಾಲೂಕಿನ ಎಕ್ಸ್‌ಚೇಂಜಲ್ಲಿ ಮೊದಲು ಕೆಲಸಕ್ಕೆ ಸೇರಿದ ನಮ್ಮವರು ಯಾರು, ಯಾವ ಇಸವಿ, ಯಾವ ಕೆಲಸ? ಕೇರಿಯ ಹಿರಿಯರನ್ನ ಕೇಳಿ ಬರೆದಿಡಿ. ಕಂಪನಿಗಳ ಚರಿತ್ರೆ ಕಂಪನಿಗಳೇ ಬರೆಸಿಕೊಳ್ತವೆ. ನಮ್ಮದನ್ನ ನಾವೇ ಬರೀಬೇಕು.

ಜೈ ಭೀಮ್.